ನೀರಿನ ಪುಟಕ್ಕೆ ಹಾಕಿದ ಬೀಗ

ಕೇಳದೆ ಉಪಕಾರ ಮಾಡಲು ಹೋದವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ ಎನ್ನುತ್ತಾರೆ ನಮ್ಮ ಅತ್ತೆ. ನಾನು ಶಾಲೆಯಲ್ಲಿ ಕಂಪ್ಯೂಟರ್ ಮಿಸ್. ಮನೆ ಹೇರೋಹಳ್ಳಿಯ ಹೊಸ ಬಡಾವಣೆಯಲ್ಲಿ. ನಿವಾಸಿಗಳ ಸಂಘದ ಬೋರ್‌ವೆಲ್ ಒಂದು, ಕ್ರಾಸು ಏಳು, ದಿನಕ್ಕೊಂದು ಕ್ರಾಸಿಗೆ ನೀರು. ಸರದಿ ತೋರಿಸುವ ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ. ವಾಟರ್‌ಮ್ಯಾನ್ ಅದನ್ನು ಮೊಬೈಲಿನಲ್ಲಿ ನೋಡಿಯೇ ನೀರು ಬಿಡುತ್ತಾರೆ. ಅದರಲ್ಲಿಲ್ಲದ ಕ್ರಾಸಿಗೆ ದೇವರು ಬಂದು ಕೇಳಿದರೂ ಬಿಡುವುದಿಲ್ಲ. ಸರದಿ ಬದಲಿಸುವ ಅಡ್ಮಿನ್ ಪುಟಕ್ಕೆ ಪಾಸ್‌ವರ್ಡ್ ಹಾಕುವುದನ್ನು ಮಾತ್ರ ನಾಳೆ, ನಾಡಿದ್ದು ಎಂದು ಮುಂದೂಡಿದ್ದೆ. ನಮ್ಮದು ಏಳನೇ ಕ್ರಾಸು, ಭಾನುವಾರದ ಸರದಿ. ತಪ್ಪಿದರೆ ಒಂದು ವಾರ ಕಾಯಬೇಕು.

೧. ತೆರೆದ ಬಾಗಿಲು

ಒಂದು ಭಾನುವಾರ ನಮ್ಮ ನೀರು ಎರಡನೇ ಕ್ರಾಸಿಗೆ ಹೋಯಿತು. ವಿಚಾರಿಸಿದರೆ, ಅಲ್ಲಿ ಹೂವಿನಂಗಡಿ ಇಟ್ಟಿರುವ ಆಂಟಿ ತಾವಾಗಿಯೇ ಒಪ್ಪಿಕೊಂಡರು.

"ನಾನೇ ಬದಲಾಯ್ಸಿದ್ದು ಮಿಸ್. ಮೊಮ್ಮಗಳ ನಾಮಕರಣ, ಮನೆ ತುಂಬ ನೆಂಟ್ರು."

"ಅದು ಕಮಿಟಿಯೋರಿಗೆ ಮಾತ್ರ ಆಂಟಿ."

"ಹಂಗಂತ ಎಲ್ಲೂ ಬರ್ದಿರ್ಲಿಲ್ಲ. ಒತ್ತಿದೆ, ತಗೊಳ್ತು. ನನ್ನಂಥೋಳಿಗೂ ತಿಳಿಯೋ ಹಂಗೆ ಮಾಡಿದೀರ ಮಿಸ್."

ಹತ್ತು ವರ್ಷ ಪಾಠ ಹೇಳಿದ್ದಕ್ಕೆ ನನಗೆ ಸಿಕ್ಕ ಒಂದೇ ಮೆಚ್ಚುಗೆಯ ಮಾತು ಅದು.

೨. ನೋಟೀಸ್ ಬೋರ್ಡು

ಅವತ್ತೇ ಪಾಸ್‌ವರ್ಡ್ ಹಾಕಿ ಸಂಘದ ಅಧ್ಯಕ್ಷರೊಬ್ಬರಿಗೇ ಹೇಳಿದೆ. ಈ ಬಡಾವಣೆ ರಾಗಿ ಹೊಲವಾಗಿದ್ದಾಗ ಅದರ ಯಜಮಾನರು ಅವರೇ. ಮಾರನೇ ದಿನ ನೋಟೀಸ್ ಬೋರ್ಡಿನ ಮೇಲೆ ಪಾಸ್‌ವರ್ಡ್ ದಪ್ಪ ಅಕ್ಷರದಲ್ಲಿತ್ತು.

"ಸಾರ್, ಇದು ಗುಟ್ಟಾಗಿರ್ಬೇಕು."

"ನಮ್ಮ ಹೊಲಕ್ಕೇ ಬೇಲಿ ಇರ್ಲಿಲ್ಲ ಕಣಮ್ಮ. ನೀರಿನ ವಿಷ್ಯದಾಗೆ ಗುಟ್ಟು ಮಾಡಿದ್ರೆ ಜನ ನನ್ನ ಮೇಲೇ ಅನುಮಾನ ಪಡ್ತಾರೆ."

ಆದರೂ ನನ್ನ ಮನಸ್ಸು ನೋಯಬಾರದೆಂದು ಕೆಳಗೊಂದು ಸಾಲು ಸೇರಿಸಿದರು: ಹೊರಗಿನವರು ಇದನ್ನು ಓದಬಾರದು.

೩. ಭಾಷಣ

ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಅಧ್ಯಕ್ಷರಿಗೆ ಮಾತ್ರ ಚೀಟಿಯಲ್ಲಿ ಬರೆದುಕೊಟ್ಟು, ಸಂಘದ ಸಭೆಯಲ್ಲಿ ಅರ್ಧ ಗಂಟೆ ಮಾತಾಡಿದೆ. "ಯಾರು ಕೇಳಿದ್ರೂ ಹೇಳ್ಬೇಡಿ. ನಾನೇ ಬಂದು ಕೇಳಿದ್ರೂ ಹೇಳ್ಬೇಡಿ." ಹೂವಿನ ಆಂಟಿ ಮಾಲೆ ಕಟ್ಟುವುದನ್ನೂ ಬಿಟ್ಟು ಕೇಳಿಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಅಧ್ಯಕ್ಷರು ಎದ್ದು ನನಗೆ ವಂದನೆ ಹೇಳಿ, ಹೊಸ ಪಾಸ್‌ವರ್ಡನ್ನು ಮೈಕಿನಲ್ಲಿ ಎರಡು ಸಲ ಓದಿದರು. ಒಂದು ಸಲ ಓದಿದ್ದು ಹಿಂದೆ ಕೂತವರಿಗೆ ಕೇಳಿಸಿರಲಿಲ್ಲವಂತೆ.

೪. ಕೊನೆಗೂ ಉಳಿದ ಗುಟ್ಟು

ಅಲ್ಲಿಗೆ ಕೈಚೆಲ್ಲಿದೆ. ಹೋದ ತಿಂಗಳು ನಮ್ಮ ಮಾವನವರ ತಿಥಿ ಭಾನುವಾರವೇ ಬಂತು. ನೀರಿನ ದಿನವೇ ಬಂತಲ್ಲ ಎಂದು ಅತ್ತೆ ಸಮಾಧಾನಪಟ್ಟಿದ್ದರು. ಬೆಳಿಗ್ಗೆ ನಲ್ಲಿ ಬರೀ ಗಾಳಿ ಊದಿತು. ಸಂಪಿನ ತಳ ಕಾಣುತ್ತಿತ್ತು. ಪುಟದಲ್ಲಿ ನೋಡಿದರೆ ಸರದಿ ಎರಡನೇ ಕ್ರಾಸಿನದು. ಬದಲಿಸೋಣವೆಂದರೆ ಪಾಸ್‌ವರ್ಡನ್ನೇ ಯಾರೋ ಬದಲಿಸಿಬಿಟ್ಟಿದ್ದಾರೆ. ಅದನ್ನು ಮುರಿಯುವ ದಾರಿಯಿದ್ದದ್ದು ಶಾಲೆಯ ಕಂಪ್ಯೂಟರಿನಲ್ಲಿ, ಶಾಲೆಗೆ ರಜೆ. ನನಗೆ ಅಳುವೇ ಬಂತು.

ಅಧ್ಯಕ್ಷರಿಗೆ ಫೋನ್ ಮಾಡಿದೆ. "ನಂಗೂ ಗೊತ್ತಿಲ್ಲ ಕಣಮ್ಮ. ಹೂವಿನಂಗಡೀಲಿ ಕೇಳು."

ಓಡಿದೆ. "ಆಂಟಿ, ಹೊಸ ಪಾಸ್‌ವರ್ಡ್ ಗೊತ್ತಾ?"

"ನಮ್ಮ ಕ್ರಾಸಲ್ಲಿ ಎಲ್ರಿಗೂ ಗೊತ್ತು ಮಿಸ್."

"ಬೇಗ ಹೇಳಿ, ಪುರೋಹಿತರು ಬಂದು ಕೂತಿದಾರೆ."

ಆಂಟಿ ನನ್ನನ್ನೇ ದಿಟ್ಟಿಸಿ ನೋಡಿ ನಕ್ಕರು. "ಪರೀಕ್ಷೆ ಮಾಡೋಕೆ ಬಂದಿದೀರ ಅಲ್ವಾ? ನೀವೇ ಬಂದು ಕೇಳಿದ್ರೂ ಹೇಳ್ಬಾರ್ದು ಅಂತ ಹೇಳ್ಕೊಟ್ಟಿದೀರಲ್ಲ, ನಾನು ಹೇಳಲ್ಲ. ಬೇಕಾದ್ರೆ ಎರಡು ಬಿಂದಿಗೆ ನೀರು ತಗೊಂಡೋಗಿ ಮಿಸ್. ನಮ್ಮನೇಲಿ ಇವತ್ತು ಧಾರಾಳವಾಗಿ ಬರ್ತಾ ಇದೆ."