ನನ್ನ ಗೇಟು ಕಿತ್ತ ಹಾದಿಯಲ್ಲಿ

ನಿವೃತ್ತಿಯಾದ ಮೇಲೆ ಕೆಲಸ ಹೋಗುತ್ತದೆ, ಧಿಮಾಕು ಮಾತ್ರ ಹಾಗೇ ಉಳಿಯುತ್ತದೆ. ಇದಕ್ಕೆ ಬೇರೆಯವರ ಹೆಸರು ಹೇಳಿ ಯಾಕೆ ನಿಷ್ಠುರ ಕಟ್ಟಿಕೊಳ್ಳಲಿ, ನಾನೇ ಇದ್ದೇನಲ್ಲ. ತೆಲುಗು ಸೀಮೆಯ ಕುಷಾಯಿಗೂಡದ ಕಡೆ ಗೂಡ್ಸ್ ಗಾಡಿ ಓಡುತ್ತಿದ್ದ ಲೈನಿನಲ್ಲಿ ನಾನು ಗೇಟ್‌ಮನ್ ಆಗಿದ್ದೆ. ನಾನು ಗೇಟು ಹಾಕಿದರೆ ಮದುವೆ ದಿಬ್ಬಣವೂ ನಿಲ್ಲಬೇಕು, ಕಾರಿನ ಸಾಹೇಬರೂ ನಿಲ್ಲಬೇಕು. ಈಗ ಆ ಲೈನು ಕಿತ್ತು, ನಡೆಯುವವರಿಗೆಂದು ಹಾದಿ ಮಾಡಿದ್ದಾರೆ. ಎರಡೂ ಬದಿಗೆ ದೊಡ್ಡ ದೊಡ್ಡ ಬಂಡೆಗಳು, ಸೀತಾಫಲದ ಗಿಡಗಳು, ಕೊನೆಗೊಂದು ಕೆರೆ. ಅಲ್ಲಿ ಅಷ್ಟು ವರ್ಷ ಇದ್ದೂ ಆ ಕೆರೆಯನ್ನು ನಾನು ಕಂಡವನಲ್ಲ.

ದಿನಾ ಕೆರೆಯ ತನಕ ನಡೆಯದಿದ್ದರೆ ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ನೇ ಗತಿ ಎಂದರು ಡಾಕ್ಟರು. ಸೂಜಿ ಎಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಹೊರಟೆ. ಆದರೆ ನಡುವೆ, ನನ್ನ ಹಳೇ ಗೇಟಿದ್ದ ಜಾಗದಲ್ಲೇ, ರಸ್ತೆ ದಾಟಬೇಕು. ಆಟೋ, ಲಾರಿ, ಬೈಕು ಒಂದರ ಹಿಂದೊಂದು. ಕೈ ಎತ್ತಿದೆ; ಒಬ್ಬನೂ ನಿಲ್ಲಲಿಲ್ಲ. ಹತ್ತು ದಿನ ಅಲ್ಲಿಂದಲೇ ವಾಪಸು ಬಂದು, ಹೆಂಡತಿ ಶರಣಮ್ಮನಿಗೆ ಕೆರೆಯ ತಂಪು ಗಾಳಿಯನ್ನು ಬಣ್ಣಿಸಿದೆ. ಬಣ್ಣಿಸಿದ್ದೇ ತಪ್ಪಾಯಿತು.

"ಹಂಗಾದ್ರ ನಾಳೆ ನಾನೂ ಬರ್ತೀನ್ರಿ" ಎಂದಳು.

ಮರುದಿನ ಬೆಳಿಗ್ಗೆ ಆ ರಸ್ತೆ ಬಂದಾಗ ಆಕೆ ಸೆರಗು ಸಿಗಿಸಿ, ಕೈ ಅಡ್ಡ ಹಿಡಿದು, ಲಾರಿಯವನನ್ನು ತೆಲುಗಿನಲ್ಲಿ ಗದರಿಸುತ್ತಾ ದಾಟಿಯೇಬಿಟ್ಟಳು. ಆಚೆ ಬದಿಯಿಂದ ಕೂಗಿದಳು: "ಯಾಕ ನಿಂತೀರಿ? ಬರ್ರಿ, ರಸ್ತೆ ಖಾಲಿ ಐತಿ!"

ಖಾಲಿಯೇನೋ ಇತ್ತು. ಆದರೆ ನಮ್ಮ ಕೆಲಸದಲ್ಲಿ ಬರೀ ಕಣ್ಣನ್ನು ನಂಬುವಂತಿಲ್ಲ. ಸ್ಟೇಷನ್ ಮಾಸ್ತರು ಫೋನಿನಲ್ಲಿ ಒಂದು ಗುಟ್ಟಿನ ನಂಬರು ಕೊಡಬೇಕು, ನಾವದನ್ನು ಬರೆದುಕೊಂಡು ತಿರುಗಿ ಒಪ್ಪಿಸಬೇಕು, ಆಮೇಲೇ ಗೇಟಿಗೆ ಕೈ ಹಚ್ಚಬೇಕು. ಆ ಅಭ್ಯಾಸ ಕೈಯಿಂದ ಕಾಲಿಗೂ ಇಳಿದಿತ್ತು. ನಾಚಿಕೆಯಾಯಿತು, ಆದರೂ ಕಾಲು ಏಳಲಿಲ್ಲ.

ನನ್ನ ಮೊಬೈಲು ರಿಂಗಾಯಿತು; ಆಚೆ ಬದಿಯಿಂದ ಆಕೆಯೇ. ಇಷ್ಟು ವರ್ಷ ನನ್ನೊಡನೆ ಬಾಳಿದವಳು, ರೋಗ ಯಾವುದೆಂದು ಆಕೆಗೆ ಗೊತ್ತಾಗಿತ್ತು. "ಬರಕೋರಿ. ಅರವತ್ತೇಳು."

"ಅರವತ್ತೇಳು" ಎಂದು ಒಪ್ಪಿಸಿದೆ. ಕಾಲು ತಾನಾಗಿಯೇ ಎದ್ದಿತು.

ಕೆರೆಯ ದಂಡೆಯಲ್ಲಿ ಆಕೆ ನೀರನ್ನೂ ನನ್ನನ್ನೂ ನೋಡಿದಳು. "ಹತ್ತು ದಿನದಿಂದ ಬರಾಕತ್ತೀರಿ, ಇಷ್ಟು ಬಾತುಕೋಳಿ ಅದಾವ ಅಂತ ಹೇಳಲೇ ಇಲ್ಲಲ್ರಿ?" ನಾನು ಶೂ ಲೇಸು ಕಟ್ಟತೊಡಗಿದೆ.

ಈಗ ದಿನಾ ಆಕೆ ಮೊದಲು ದಾಟುತ್ತಾಳೆ, ಆಚೆಯಿಂದ ನಂಬರು ಕೊಡುತ್ತಾಳೆ. ಇಂಜೆಕ್ಷನ್ ಸದ್ಯಕ್ಕೆ ತಪ್ಪಿದೆ. ಆದರೆ ಹಿಂದಿನ ದಿನ ನಾನೇನಾದರೂ ಸಾರಿಗೆ ಉಪ್ಪು ಕಡಿಮೆ ಎಂದಿದ್ದರೆ, ಆಕೆ ಆಚೆ ಬದಿಯ ಬೆಂಚಿನ ಮೇಲೆ ಕೂತು ಬೀದರಿನ ತಂಗಿಗೆ ಫೋನು ಹಚ್ಚುತ್ತಾಳೆ. ಈಚೆ ಬದಿಯಲ್ಲಿ ನಾನು ಅರ್ಧ ಗಂಟೆ ಮೊಬೈಲು ಒತ್ತುತ್ತಾ ನಿಂತಿರುತ್ತೇನೆ, ಲೈನು ಎಂಗೇಜ್.