ವೆಬ್‌ಸೈಟಿನ ಬಾಗಿಲಿಗೆ ದೃಷ್ಟಿ ಬೊಂಬೆ

ನನ್ನ ಹಣೆಬರಹವೇ ಹೀಗೋ, ಇಲ್ಲಾ ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಬಸ್ಸಿನಲ್ಲೇ ಏನೋ ದೋಷ ಇದೆಯೋ ಗೊತ್ತಿಲ್ಲ. ಕೆಲಸ ಅಂತ ಆ ಬಸ್ಸು ಹತ್ತಿದಾಗಲೆಲ್ಲ ನಾನು ತಲೆ ಚಚ್ಚಿಕೊಳ್ಳುವಂಥದ್ದು ಒಂದಲ್ಲ ಒಂದು ಆಗಿಯೇ ಆಗುತ್ತಿತ್ತು.

ಎರಡು ಸಾವಿರದ ಆರೇಳನೇ ಇಸವಿಯ ಮಾತು. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನಾನೊಂದು ಇಂಟರ್‌ನೆಟ್ ಸೆಂಟರ್ ನಡೆಸುತ್ತಿದ್ದೆ. ಜೊತೆಗೆ ವ್ಯಾಪಾರಸ್ಥರಿಗೆ ವೆಬ್‌ಸೈಟ್ ಮಾಡಿಕೊಡುವ ಹುಚ್ಚು ಬೇರೆ. ಬರೀ ಮಾಡಿಕೊಟ್ಟು ಸುಮ್ಮನಾಗುವವಳಲ್ಲ ನಾನು. ವೆಬ್‌ಸೈಟಿಗೆ ಯಾರು ಬಂದರು, ಯಾವ ಊರಿಂದ ಬಂದರು, ಯಾವ ಪುಟ ನೋಡಿದರು, ಎಷ್ಟು ಹೊತ್ತು ಇದ್ದರು ಅಂತ ಲೆಕ್ಕ ತೆಗೆದು, ಅದನ್ನು ನೋಡಿಕೊಂಡು ವ್ಯಾಪಾರ ಬೆಳೆಸುವ ವಿದ್ಯೆ ಹೊಸದಾಗಿ ಕಲಿತಿದ್ದೆ. ಹೊಸ ವಿದ್ಯೆ ಕಲಿತವರನ್ನು ಹಿಡಿಯೋಕಾಗುತ್ತಾ? ಸಿಕ್ಕಸಿಕ್ಕವರಿಗೆಲ್ಲ ಉಪದೇಶ ಮಾಡುತ್ತಿದ್ದೆ.

ಉಪದೇಶಕ್ಕೆ ಮೊದಲು ಸಿಕ್ಕಿದವರು ಬೇಲೂರಿನ ಒಂದು ಲಾಡ್ಜಿನ ಯಜಮಾನರು. ದೇವಸ್ಥಾನ ನೋಡೋಕೆ ಬಂದ ಜನ ಸಂಜೆಗೇ ವಾಪಸ್ ಹೋಗಿಬಿಡುತ್ತಿದ್ದರಿಂದ ಇವರ ಮಹಡಿ ಮೇಲಿನ ರೂಮುಗಳು ಖಾಲಿ ಹೊಡೆಯುತ್ತಿದ್ದವು. "ನೋಡಮ್ಮ, ದೀಪಾವಳಿವರೆಗೂ ಟೈಮು. ಅಷ್ಟರಲ್ಲಿ ನಿನ್ನ ವೆಬ್‌ಸೈಟ್ ನೋಡ್ಕೊಂಡು ಒಂದು ಪಾರ್ಟಿನಾದ್ರೂ ಬಂದು ಉಳೀಬೇಕು. ಇಲ್ಲಾಂದ್ರೆ ಮಹಡೀನ ಶುಂಠಿ ವ್ಯಾಪಾರಸ್ಥರಿಗೆ ಗೋಡೌನಿಗೆ ಕೊಟ್ಟುಬಿಡ್ತೀನಿ" ಅಂದರು. ಬೇಲೂರು, ಹಳೇಬೀಡಿನ ಅಂಗಡಿಯವರೆಲ್ಲ ಇವರನ್ನೇ ನೋಡಿಕೊಂಡು ಕೂತಿದ್ದರು. ಇವರು ಕೈಬಿಟ್ಟರೆ ಆ ರಸ್ತೆಯಲ್ಲಿ ನನಗೆ ಇನ್ನೊಬ್ಬ ಗಿರಾಕಿ ಹುಟ್ಟುವ ಹಾಗಿರಲಿಲ್ಲ. ಅದಕ್ಕೇ ಇಷ್ಟೆಲ್ಲ ಸಹಿಸಿಕೊಂಡೆ ಅಂತ ಈಗಲೇ ಹೇಳಿಬಿಡುತ್ತೇನೆ.

ಕಾಫಿ ಕುಡಿಯದೆ ಎದ್ದು ಹೋದವರು

ಮೊದಲ ತಿಂಗಳ ಲೆಕ್ಕ ತೆಗೆದುಕೊಂಡು ಹೋದೆ. ಲಾಡ್ಜಿನ ಮುಂದಿನ ಬೆಂಚಿನ ಮೇಲೆ ಕೂತು ವಿವರಿಸಿದೆ.

"ಯಜಮಾನ್ರೇ, ಜನ ಬರ್ತಿದ್ದಾರೆ. ಆದ್ರೆ ಮುಕ್ಕಾಲುವಾಸಿ ಜನ ಮೊದಲನೇ ಪುಟ ನೋಡಿದ ತಕ್ಷಣ ಹೊರಟುಹೋಗ್ತಿದ್ದಾರೆ. ಒಳಗೆ ಬರ್ತಾನೇ ಇಲ್ಲ."

ಯಜಮಾನರ ಮುಖ ಸಪ್ಪಗಾಯಿತು. "ತಕ್ಷಣ ಅಂದ್ರೆ?"

"ನಾಲ್ಕೈದು ಸೆಕೆಂಡು."

ಅವರು ಎದ್ದು ಒಳಗೆ ಹೋಗಿ ಹೆಂಡತಿಯ ಹತ್ತಿರ ಏನೋ ಪಿಸುಗುಟ್ಟಿದರು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಬಂದೋರು ಹಂಗೆಲ್ಲ ಎದ್ದು ಹೋಗ್ಬಾರ್ದು ಕಣಮ್ಮ. ನಮ್ಮ ಕಡೆಯಿಂದ ಏನು ತಪ್ಪಾಯ್ತು?" ಅಂದರು. ಸಾವಿನ ಮನೆಯಲ್ಲಿ ಮಾತಾಡುವ ದನಿ.

ತಪ್ಪೇನೂ ಇಲ್ಲ ತಾಯಿ, ಮೊದಲನೇ ಪುಟದ ಲಾಡ್ಜಿನ ಫೋಟೋ ದೊಡ್ಡದಾಗಿದೆ, ತೆರೆದುಕೊಳ್ಳೋಕೆ ಹೊತ್ತಾಗುತ್ತೆ, ಕಾದು ಕಾದು ಬೇಜಾರಾಗಿ ಹೋಗುತ್ತಾರೆ ಅಂತ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಬಾಗಿಲಿಗೆ ಬಂದವರನ್ನು ಕೂರಿಸಿ, ಕಾಫಿ ಕೊಟ್ಟು ಕಳಿಸಿ ಅಭ್ಯಾಸವಾದ ಮನೆ ಅದು. ಮಾರನೆಯ ದಿನ ಯಜಮಾನರು ಫೋನು ಮಾಡಿ ಮೊದಲನೇ ಪುಟದ ನೆತ್ತಿಯ ಮೇಲೆ ಒಂದು ಸಾಲು ಬರೆಸಿದರು. "ದಯವಿಟ್ಟು ಕುಳಿತುಕೊಳ್ಳಿ, ಈಗ ಬಂದೆವು."

ಫೋಟೋ ಚಿಕ್ಕದು ಮಾಡೋಣ ಅಂದರೆ ಮಾತ್ರ ಒಪ್ಪಲಿಲ್ಲ. "ಲಾಡ್ಜು ಚಿಕ್ಕದಾಗಿ ಕಾಣುತ್ತೆ" ಅಂದರು. ಕೊನೆಗೆ ಅವರಿಗೆ ಹೇಳದೆ ನಾನೇ ಚಿಕ್ಕದು ಮಾಡಿದೆ. ಮುಂದಿನ ತಿಂಗಳು ಜನ ಸ್ವಲ್ಪ ನಿಂತರು. "ನೋಡಿದ್ರಾ, ಕೂತ್ಕೊಳಿ ಅಂದ್ರೆ ಕೂತ್ಕೋತಾರೆ" ಅಂದರು ಯಜಮಾನರು.

ಮುಯ್ಯಿ

ಅದರ ಮುಂದಿನ ತಿಂಗಳ ಲೆಕ್ಕ ನೋಡಿ ನನಗೇ ನಂಬಿಕೆ ಬರಲಿಲ್ಲ. ಗ್ರಾಫು ಗೋಡೆ ಹತ್ತಿದ ಹಾಗೆ ಮೇಲಕ್ಕೆ ಹೋಗಿತ್ತು. ಬಂದವರು ಎಲ್ಲ ಪುಟ ನೋಡಿದ್ದಾರೆ, ಒಂದೊಂದು ಪುಟದಲ್ಲೂ ನಿಮಿಷಗಟ್ಟಲೆ ಕೂತಿದ್ದಾರೆ. ಊರು ಯಾವುದು ಅಂತ ನೋಡಿದರೆ ಬೆಂಗಳೂರು. ನಾನು ಕುಣಿದಾಡಿದೆ. ಬೆಂಗಳೂರಿನವರಿಗೆ ಅಂತಲೇ ಒಂದು ಪುಟ ಮಾಡಿದೆ, ಶನಿವಾರ ಭಾನುವಾರದ ರಿಯಾಯಿತಿ ಹಾಕಿದೆ, ಪಟ್ಟಣದವರಿಗೆ ಇಷ್ಟವಾಗಲಿ ಅಂತ ಬಣ್ಣ ಬದಲಾಯಿಸಿದೆ. ಒಂದು ರೂಮೂ ಹೋಗಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹಳೇಬೀಡಿನ ವಿಗ್ರಹದಂಗಡಿಯವರು ನನ್ನ ಸೆಂಟರಿಗೆ ಬಂದರು. ಬಳಪದ ಕಲ್ಲಿನ ಗಣಪತಿ, ಆನೆ ಮಾರುವವರು. ಲಾಡ್ಜಿನದು ಕುದುರಿದ ಮೇಲೆ ದುಡ್ಡು ಅನ್ನುವ ಕರಾರಿನ ಮೇಲೆ ಅವರಿಗೂ, ಆ ರಸ್ತೆಯ ಇನ್ನೂ ಕೆಲವರಿಗೂ ನಾನೇ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರ್ ಮುಂದೆ ಕೈ ಕಟ್ಟಿಕೊಂಡು ಕೂತರು.

"ಬೇಲೂರು ಲಾಡ್ಜಿಂದು ಹಾಕ್ಕೊಡಮ್ಮ" ಅಂದರು.

"ಯಾಕೆ, ಬೇಲೂರಲ್ಲಿ ರೂಮ್ ಬೇಕಿತ್ತಾ?" ಹಳೇಬೀಡಿನವರಿಗೆ ಬೇಲೂರಲ್ಲಿ ರೂಮೇಕೆ ಅಂತ ನನಗೆ ಆಶ್ಚರ್ಯ.

"ರೂಮ್ ಯಾಕಮ್ಮ? ಹೋದ ವಾರ ಅವ್ರು ನಮ್ ವೆಬ್‌ಸೈಟಿಗೆ ಬಂದು ಹೋದ್ರಂತೆ. ನಾವು ಹೋಗದೆ ಇದ್ರೆ ಚೆನ್ನಾಗಿರುತ್ತಾ?"

ವಿಚಾರಿಸಿದರೆ, ಮದುವೆ ಮನೆಯಲ್ಲಿ ಕೊಟ್ಟು ತೀರಿಸುವ ಮುಯ್ಯಿಯ ಹಾಗೆ ಇದೂ ಶುರುವಾಗಿತ್ತು. ಲಾಡ್ಜಿನ ಯಜಮಾನರು ತಮ್ಮ ಪರಿಚಯದ ವ್ಯಾಪಾರಸ್ಥರ ವೆಬ್‌ಸೈಟುಗಳಿಗೆಲ್ಲ ಒಂದು ಸುತ್ತು ಹೋಗಿ ಬಂದು, ಹೋಗಿದ್ದೆ ಅಂತ ಅವರಿಗೆ ಹೇಳಿಯೂ ಇದ್ದರು. ಅವರೆಲ್ಲ ಸಂತೆಗೋ ಕೋರ್ಟಿಗೋ ಅರಸೀಕೆರೆಗೆ ಬಂದಾಗ ನನ್ನ ಸೆಂಟರಿನಲ್ಲಿ ಪಕ್ಕದವರ ಕೈಲಿ ತೆರೆಸಿಕೊಂಡು ಕೂತು ಮುಯ್ಯಿ ತೀರಿಸುತ್ತಿದ್ದರು. ನಮ್ಮ ಇಂಟರ್‌ನೆಟ್ ಲೈನು ಬೆಂಗಳೂರಿನ ಮೇಲೆ ಹಾದು ಬರುತ್ತಿದ್ದರಿಂದ ಲೆಕ್ಕದಲ್ಲಿ ಬೆಂಗಳೂರು ಅಂತ ಬೀಳುತ್ತಿತ್ತು. ಯಾವ ಬೆಂಗಳೂರಿನವರಿಗಾಗಿ ನಾನು ತಿಂಗಳೆಲ್ಲ ಬಣ್ಣ ಬಳಿದೆನೋ ಅವರು ನನ್ನ ಬೆನ್ನ ಹಿಂದೆಯೇ ಕೂತಿದ್ದರು.

"ಅದಿರಲಿ, ಅಷ್ಟು ಹೊತ್ತು ಯಾಕೆ ಕೂರ್ತೀರಿ?" ಅಂತ ಉರಿದುಕೊಂಡೇ ಕೇಳಿದೆ.

"ಬಂದ ತಕ್ಷಣ ಎದ್ದು ಹೋದ್ರೆ ಅವರ ಮನೆಯಮ್ಮ ಬೇಜಾರ್ ಮಾಡ್ಕೋತಾರಂತೆ" ಅಂದರು ವಿಗ್ರಹದಂಗಡಿಯವರು, ಕಣ್ಣು ಪರದೆಯಿಂದ ತೆಗೆಯದೆ.

ರಾಹುಕಾಲ

ಲಾಡ್ಜಿಗೆ ಹೋಗಿ ಜಗಳವಾಡಿದೆ. ಇನ್ನು ಮುಂದೆ ಮುಯ್ಯಿ ಗಿಯ್ಯಿ ಎಲ್ಲ ಬಂದ್ ಅಂದೆ. ನನ್ನ ಸೆಂಟರಿನಿಂದ ಬಂದವರನ್ನು ಲೆಕ್ಕದಿಂದ ತೆಗೆದುಹಾಕಿದೆ. ಆಗ ಉಳಿದವರು ಬೆರಳೆಣಿಕೆಯ ಜನ. ಪುಣೆ, ಚೆನ್ನೈ, ಆಗೊಮ್ಮೆ ಈಗೊಮ್ಮೆ ಜರ್ಮನಿ. ಅವರೂ ಬರುತ್ತಿದ್ದರು, ನೋಡುತ್ತಿದ್ದರು, ಹೋಗುತ್ತಿದ್ದರು.

ಯಜಮಾನರು ಕನ್ನಡಕ ಹಾಕಿಕೊಂಡು ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅವರು ಅಷ್ಟು ಶ್ರದ್ಧೆಯಿಂದ ನೋಡಿದ್ದು ಅದೇ ಮೊದಲು. ನನಗೆ ಖುಷಿಯಾಯಿತು.

"ಗೊತ್ತಾಯ್ತು" ಅಂದರು. "ಜನ ಬರೋ ಹೊತ್ತು ಸರಿ ಇಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದವ್ರೆ, ರಾಹುಕಾಲ. ಶುಕ್ರವಾರ ಹನ್ನೊಂದಕ್ಕೆ ಬಂದವ್ರೆ, ಅದೂ ರಾಹುಕಾಲ. ಹೆಂಗೆ ಕುದುರುತ್ತೆ? ರಾಹುಕಾಲದಲ್ಲಿ ವೆಬ್‌ಸೈಟ್ ಮುಚ್ಚಿಬಿಡು."

"ಯಜಮಾನ್ರೇ, ಸೋಮವಾರ ಬಂದೋರು ಜರ್ಮನಿಯೋರು. ನಮಗೆ ಎಂಟು ಗಂಟೆ ಆದಾಗ ಅವರಿಗೆ ಇನ್ನೂ ಬೆಳಕೇ ಹರಿದಿರಲ್ಲ."

"ಹಂಗಾದ್ರೆ ಅವರ ರಾಹುಕಾಲ ನೋಡಿ ಮುಚ್ಚು."

ನಾನು ಬ್ಯಾಗು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಮಾದಿಹಳ್ಳಿ ದಾಟುವವರೆಗೂ ಒಬ್ಬಳೇ ಬೈದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದರು.

ವಾರ ಬಿಟ್ಟು ಯಜಮಾನರದೇ ಫೋನು. "ನಮ್ಮ ಪುರೋಹಿತರನ್ನ ಕೇಳ್ದೆ ಕಣಮ್ಮ. ಅವರ ಹತ್ರ ಜರ್ಮನಿ ಪಂಚಾಂಗ ಇಲ್ವಂತೆ. ಸದ್ಯಕ್ಕೆ ವೆಬ್‌ಸೈಟ್ ಬಾಗಿಲು ತೆಗೆದೇ ಇಡು."

ಮೀಟರಿಗೆ ಕಣ್ಣು ಬಿತ್ತು

ಆಗಿನ ವೆಬ್‌ಸೈಟುಗಳ ಕೆಳಗೆ, ಇಲ್ಲಿಯವರೆಗೆ ಇಷ್ಟು ಜನ ಬಂದಿದ್ದಾರೆ ಅಂತ ತೋರಿಸುವ ಅಂಕಿ ಇರುತ್ತಿತ್ತು. ಯಜಮಾನರು ಅದನ್ನು ಮೀಟರ್ ಅನ್ನುತ್ತಿದ್ದರು. ಮುಯ್ಯಿಯವರ ದಯೆಯಿಂದ ಮೀಟರು ಚೆನ್ನಾಗಿಯೇ ಓಡಿತ್ತು.

ಶ್ರಾವಣದಲ್ಲಿ ಲಾಡ್ಜಿನ ನೀರಿನ ಮೋಟರು ಸುಟ್ಟಿತು. ಅದೇ ವಾರ ಅಡುಗೆಯವರು ಜಾರಿ ಬಿದ್ದು ಕೈ ಉಳುಕಿಸಿಕೊಂಡರು. ಯಜಮಾನರು ಅರಸೀಕೆರೆಗೇ ಬಂದುಬಿಟ್ಟರು.

"ಇಷ್ಟು ಜನ ಬಂದವ್ರೆ ಅಂತ ಬೀದಿಗೆ ಕಾಣೋ ಹಂಗೆ ಬರೆದು ಹಾಕಿದ್ದೀಯಲ್ಲ, ಕಣ್ಣು ಬೀಳದೆ ಇರುತ್ತಾ?"

"ತೆಗೆದುಬಿಡ್ತೀನಿ. ನನಗೆ ಬೇಕಾದ ಲೆಕ್ಕ ಹಿಂದೆ ಬೇರೆ ಇದೆ, ಅದು ಯಾರಿಗೂ ಕಾಣಲ್ಲ."

"ಬಿದ್ದಿರೋ ಕಣ್ಣಿಗೇನು ಮಾಡ್ತೀಯಾ?" ಅನ್ನುತ್ತಾ ಚೀಲದಿಂದ ಒಂದು ಫೋಟೋ ತೆಗೆದರು. ಅವರ ಲಾಡ್ಜಿನ ಬಾಗಿಲಿಗೆ ಕಟ್ಟಿರುವ ದೃಷ್ಟಿ ಬೊಂಬೆ. ಗುಡ್ಡೆ ಕಣ್ಣು, ಕಪ್ಪು ಮೀಸೆ, ಗಲ್ಲದವರೆಗೂ ಇಳಿಬಿದ್ದ ಕೆಂಪು ನಾಲಿಗೆ. ಯಜಮಾನರೇ ಕೈಯಾರೆ ಬಣ್ಣ ಬಳಿದಿದ್ದಂತೆ. ಒಂದು ಕಣ್ಣು ಬೇಲೂರಿನ ಕಡೆ, ಇನ್ನೊಂದು ಹಳೇಬೀಡಿನ ಕಡೆ ನೋಡುತ್ತಿತ್ತು.

ನಾನು ವಾದ ಮಾಡಲಿಲ್ಲ. ಪುಟದ ತೀರ ಕೆಳಗೆ, ಮೂಲೆಯಲ್ಲಿ ಚಿಕ್ಕದಾಗಿ ಹಾಕಿದೆ. ಮಾರನೆಯ ದಿನವೇ ಫೋನು. "ಬಾಗಿಲಿಗೆ ಕಟ್ಟೋದನ್ನ ತಗೊಂಡೋಗಿ ಹಿತ್ತಲಲ್ಲಿ ಕಟ್ಟಿದ್ದೀಯಲ್ಲ."

ಕೊನೆಗೆ ಮೊದಲನೇ ಪುಟದ ಮಧ್ಯಕ್ಕೇ ದೊಡ್ಡದಾಗಿ ಹಾಕಿದೆ. ಕ್ಲಿಕ್ ಮಾಡಿದರೆ ಇನ್ನೂ ದೊಡ್ಡದಾಗಿ ಬೇರೆ ಪುಟದಲ್ಲಿ ತೆರೆದುಕೊಳ್ಳುವ ಹಾಗೂ ಮಾಡಿದೆ, ಸಿಟ್ಟಿನಲ್ಲಿ. ಯಜಮಾನರು ಅದನ್ನು ಸಿಟ್ಟು ಅಂತ ತಿಳಿಯಲೇ ಇಲ್ಲ. "ಈಗ ಲಕ್ಷಣವಾಗೈತೆ" ಅಂದರು.

ಅಂಕಿ ಸುಳ್ಳು ಹೇಳುವುದಿಲ್ಲ

ದೀಪಾವಳಿ ಹತ್ತಿರ ಬಂತು. ಶುಂಠಿ ವ್ಯಾಪಾರಸ್ಥರು ಮಹಡಿ ಅಳತೆ ಮಾಡಿಕೊಂಡು ಹೋದರು ಅಂತ ಸುದ್ದಿ ಬಂತು. ನನಗೆ ನಿದ್ದೆ ಹತ್ತದು. ಲೆಕ್ಕವನ್ನು ಕೆದಕಿ ಕೆದಕಿ ನೋಡಿದೆ. ಹೊರಗಿನವರು ಬಂದು ಕೊನೆಗೆ ನೋಡುವುದು 'ಬರುವ ದಾರಿ' ಅನ್ನುವ ಪುಟ. ಅಲ್ಲಿಂದಲೇ ಹೊರಟುಹೋಗುತ್ತಾರೆ. ಆ ಪುಟ ಬರೆದುಕೊಟ್ಟಿದ್ದವರು ಯಜಮಾನರು. "ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ಕೇಳಿದರೂ ತೋರಿಸುತ್ತಾರೆ." ಅಷ್ಟೇ. ವಿಳಾಸವಿಲ್ಲ, ಫೋನ್ ನಂಬರಿಲ್ಲ.

ಸಿಕ್ಕಿತು ಅಂತ ಬೇಲೂರಿಗೆ ಓಡಿದೆ. "ಯಜಮಾನ್ರೇ, ಈ ಸಲ ನಿಮ್ಮ ಮಾತು ಕೇಳಲ್ಲ. ಅಂಕಿ ಸುಳ್ಳು ಹೇಳಲ್ಲ. ಅದು ಏನು ಹೇಳುತ್ತೋ ನಾವು ಅದನ್ನೇ ಮಾಡ್ಬೇಕು" ಅಂತ ಗಟ್ಟಿಯಾಗಿ ಹೇಳಿ, ಫೋನ್ ನಂಬರ್ ಹಾಕಿಸಿದೆ.

ಹಬ್ಬಕ್ಕೆ ವಾರವಿತ್ತು. ನಾನು ಲಾಡ್ಜಿನಲ್ಲಿ ಕೂತು ಯಜಮಾನತಿ ಕೊಟ್ಟ ಕಾಫಿ ಕುಡಿಯುತ್ತಿದ್ದೆ. ಫೋನು ಬಂತು. ಯಜಮಾನರು ಎತ್ತಿದರು. ಪುಣೆಯಲ್ಲಿರುವ ಕನ್ನಡದವರಂತೆ, ವೆಬ್‌ಸೈಟಿನಲ್ಲಿ ನಂಬರ್ ನೋಡಿ ಮಾಡಿದ್ದು. ಮೂರು ದಿನಕ್ಕೆ ಮಹಡಿಯ ರೂಮೆಲ್ಲ ಬೇಕಂತೆ. ನಾನು ಕಾಫಿ ಲೋಟ ಕೆಳಗಿಟ್ಟೆ.

"ಮೂರು ದಿನ ಯಾಕ್ ಸ್ವಾಮಿ?" ಅಂದರು ಯಜಮಾನರು. "ಬೆಳಿಗ್ಗೆ ಬೇಲೂರು ನೋಡಿ, ಊಟ ಮಾಡಿ ಹಳೇಬೀಡು ನೋಡಿದ್ರೆ ಮುಗೀತು. ಸಾಯಂಕಾಲದ ಬಸ್ಸಿಗೆ ಅರಸೀಕೆರೆಗೆ ಹೋಗಿ ರೈಲು ಹಿಡೀಬಹುದು. ಸುಮ್ನೆ ರೂಮಿಗೆ ಯಾಕೆ ದುಡ್ಡು ಹಾಕ್ತೀರಿ?" ಬಸ್ಸಿನ ಟೈಮನ್ನೂ ಹೇಳಿ, ಫೋನು ಇಟ್ಟರು.

"ಪಾಪ, ಗೊತ್ತಿಲ್ಲದೋರು" ಅಂದರು ಯಜಮಾನರು. ಯಜಮಾನತಿ ನನ್ನ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿ, "ಮದುವೆ ಆದಾಗಿಂದ ಹಿಂಗೇ ಕಣಮ್ಮ" ಅಂದರು. ಆವತ್ತು ಬಸ್ಸಿನಲ್ಲಿ ನಿಜವಾಗಿ ಅತ್ತುಬಿಟ್ಟೆ.

ಹಬ್ಬದ ಹಿಂದಿನ ದಿನ ಯಜಮಾನರ ಫೋನು. "ಬಾರಮ್ಮ, ಪುಣೆಯೋರು ಬಂದವ್ರೆ. ಮಹಡಿ ಪೂರ್ತಿ ಹಿಡಿದವ್ರೆ." ಹೋದೆ. ಮಗ, ಸೊಸೆ, ಮಕ್ಕಳು, ವಯಸ್ಸಾದ ತಾಯಿ, ಜೊತೆಗೆ ಅಣ್ಣನ ಸಂಸಾರ. ಮಹಡಿಯ ಕಂಬಿಗೆಲ್ಲ ಸೀರೆ ಒಣಗುತ್ತಿದ್ದವು. ಶುಂಠಿಗೆ ಅಲ್ಲಿ ಜಾಗವಿರಲಿಲ್ಲ. ನಾನು ಗೆದ್ದಿದ್ದೆ. ಯಜಮಾನರು ಕೇಳಲಿ ಅಂತ ಅವರೆದುರಿಗೇ ಆ ಮಗನನ್ನು ಮಾತಾಡಿಸಿದೆ.

"ವೆಬ್‌ಸೈಟ್ ನೋಡಿ ಬಂದಿರಂತೆ. ಅದ್ರಲ್ಲಿ ಯಾವುದು ಹಿಡಿಸ್ತು? ದಾರಿ ತೋರಿಸೋ ಪುಟಾನಾ?"

"ಅಯ್ಯೋ ಇಲ್ಲ ಮೇಡಂ. ಆ ಬೊಂಬೆ" ಅಂದರು. "ಎಲ್ಲ ಲಾಡ್ಜಿನವರೂ ಮಂಚ, ಬಾತ್‌ರೂಮು ತೋರಿಸ್ತಾರೆ. ಇವರೊಬ್ಬರೇ ಮನೆ ಥರ ಬಾಗಿಲಿಗೆ ದೃಷ್ಟಿ ಬೊಂಬೆ ಕಟ್ಟಿದ್ದಾರೆ, ಉಳಿದ್ರೆ ಅಲ್ಲೇ ಉಳಿಯೋದು ಅಂತ ನಮ್ಮಮ್ಮ ಹಟ ಹಿಡಿದ್ರು. ಫೋನ್ ಮಾಡಿದ್ರೆ ಇವರು ರೂಮ್ ಬೇಡ, ಬಸ್ ಹಿಡೀರಿ ಅಂದ್ರು. ಆಗಂತೂ ಅಮ್ಮನಿಗೆ ಪೂರ್ತಿ ನಂಬಿಕೆ ಬಂತು."

ಯಜಮಾನರು ಕನ್ನಡಕ ಒರೆಸುತ್ತಾ ಕೂತರು. ಆಮೇಲೆ ಮೆಲ್ಲಗೆ, "ಅಂಕಿ ಏನು ಹೇಳುತ್ತಮ್ಮ?" ಅಂದರು.

ಸೆಂಟರಿಗೆ ವಾಪಸ್ ಬಂದು, ಅದುವರೆಗೂ ನೋಡುವ ಗೋಜಿಗೇ ಹೋಗಿರದ ಬೊಂಬೆಯ ಪುಟದ ಲೆಕ್ಕ ತೆಗೆದೆ. ಪುಣೆಯವರು, ಚೆನ್ನೈಯವರು, ಜರ್ಮನಿಯವರು, ಎಲ್ಲರೂ ಬೇರೆಲ್ಲ ಪುಟಕ್ಕಿಂತ ಹೆಚ್ಚು ಹೊತ್ತು ಕೂತಿದ್ದು ಅಲ್ಲೇ. ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳದೆ ಏನು ಮಾಡಲಿ? ಅಂಕಿ ಸುಳ್ಳು ಹೇಳಲ್ಲ ಅಂದವಳು ನಾನೇ.

"ಹಂಗಾದ್ರೆ ಅಂಕಿ ಹೇಳಿದಂಗೇ ಮಾಡು" ಅಂದರು ಯಜಮಾನರು. "ಮಿಕ್ಕಿದ್ದೆಲ್ಲ ತೆಗೆದುಬಿಡು. ಬೊಂಬೆ ಒಂದಿರಲಿ. ಫೋನ್ ನಂಬರ್ ಅದರ ನಾಲಿಗೆ ಮೇಲೆ ಬರಿ. ಅಗಲವಾಗೈತೆ, ಚೆನ್ನಾಗಿ ಕಾಣುತ್ತೆ."

ಬರೆದೆ. ಹಬ್ಬ ಮುಗಿಯುವುದರೊಳಗೆ ವಿಗ್ರಹದಂಗಡಿಯವರಿಂದ ಹಿಡಿದು ಆ ರಸ್ತೆಯ ವ್ಯಾಪಾರಸ್ಥರೆಲ್ಲ ತಮ್ಮ ತಮ್ಮ ಬೊಂಬೆಯ ಫೋಟೋ ಹಿಡಿದುಕೊಂಡು ನನ್ನ ಸೆಂಟರಿಗೆ ಬಂದು ಕೂತರು. ನಾಲಿಗೆ ಮೇಲೆ ನಂಬರ್ ಬರೆದಾಗಿನಿಂದ ಲಾಡ್ಜಿಗಂತೂ ಫೋನೋ ಫೋನು. ಯಜಮಾನರು ಬಿಡುವಿಲ್ಲದೆ ಎಲ್ಲರಿಗೂ ಸಾಯಂಕಾಲದ ಬಸ್ಸಿನ ಟೈಮು ಹೇಳುತ್ತಿದ್ದರು.