ರಿವರ್ಸ್ ಚಾಂಪಿಯನ್ನೂ ನನ್ನ ಹಾಗಲಕಾಯಿಯೂ

ಓದುಗ ಅಣ್ಣಂದಿರಿಗೂ ಅಕ್ಕಂದಿರಿಗೂ ನಮಸ್ಕಾರ. ಇದರಲ್ಲಿ ಎಲ್ಲಾದರೂ ಒತ್ತು ಬಿಟ್ಟಿದ್ದರೆ, ದೀರ್ಘ ತಪ್ಪಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ನಾನು ಹತ್ತನೇ ಕ್ಲಾಸಿನ ಪರೀಕ್ಷೆ ಬರೆದದ್ದು ನನ್ನ ಮಗಳು ಏಳನೇ ಕ್ಲಾಸಿನಲ್ಲಿದ್ದಾಗ. ಅವಳದೇ ಜಾಮಿಟ್ರಿ ಬಾಕ್ಸ್ ಹಿಡಿದುಕೊಂಡು ಶಿಡ್ಲಘಟ್ಟದ ಪರೀಕ್ಷಾ ಕೇಂದ್ರಕ್ಕೆ ಹೋದರೆ ಬಾಗಿಲಲ್ಲಿದ್ದ ಮೇಷ್ಟ್ರು, "ಪೋಷಕರು ಹೊರಗಡೆ ಇರ್ಬೇಕು ಸ್ವಾಮಿ" ಎಂದು ತಡೆದರು. ಹಾಲ್ ಟಿಕೆಟ್ ತೋರಿಸಿದ ಮೇಲೆ ಅವರೇ ಎದ್ದು ನಿಂತರು. ಈಗ ನಮ್ಮೂರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿದ್ದೇನೆ. ಡೈರಿಗೆ ಕಂಪ್ಯೂಟರ್ ಬಂದಿದೆ. ಒಂದು ಬೆರಳಿನಲ್ಲಿ ಟೈಪ್ ಮಾಡುತ್ತೇನೆ, ಉಳಿದ ಒಂಬತ್ತು ನೋಡುತ್ತಾ ಕೂತಿರುತ್ತವೆ. ನನ್ನ ಹೆಂಡತಿ ರತ್ನಮ್ಮ ಈಗಷ್ಟೇ ಬಂದು ಇಣುಕಿ ಹೋದಳು. "ನೀವು ನಮಸ್ಕಾರ ಅಂತ ಹೊಡೆಯೋಷ್ಟರಲ್ಲಿ ನಾನು ಎರಡು ಹಸು ಹಾಲು ಕರ್ದಿದ್ದಾಯ್ತು" ಎಂದಳು. ಇಷ್ಟು ಕಷ್ಟಪಡುವ ಬದಲು ಬಾಯಲ್ಲೇ ಹೇಳಬಾರದಾ ಎಂದು ನೀವು ಕೇಳಬಹುದು. ಹೇಳುವ ಹಾಗಿಲ್ಲ. ಅದಕ್ಕೊಂದು ಕಾರಣವಿದೆ, ಅದು ಬರಬೇಕಾದಾಗ ಬರುತ್ತದೆ.

ಪ್ರಪಂಚದಲ್ಲಿ ಮುಂದಕ್ಕೆ ಓಡಿ ಗೆದ್ದವರನ್ನು ಎಲ್ಲರೂ ಹೊಗಳುತ್ತಾರೆ. ಹಿಂದಕ್ಕೆ ಓಡಿ ಗೆದ್ದವರಿಗೆ ಮರ್ಯಾದೆ ಕೊಡುವುದು ನಮ್ಮ ಮೇಲೂರು ಸುತ್ತಮುತ್ತಲಿನವರು ಮಾತ್ರ ಇರಬೇಕು. ರಾಜ್ಯೋತ್ಸವದ ದಿನ ನಮ್ಮಲ್ಲಿ ಟ್ರ್ಯಾಕ್ಟರ್ ರಿವರ್ಸ್ ಪಂದ್ಯ ನಡೆಯುತ್ತದೆ. ಹೆಸರು ಕೇಳಿ ನಗಬೇಡಿ. ಮೈದಾನದಲ್ಲಿ ಎರಡೂ ಕಡೆ ಮರಳಿನ ಮೂಟೆ ಜೋಡಿಸಿ, ನಡುವೆ ಒಂದು ತಿರುವು ಇರುವ ಓಣಿ ಮಾಡುತ್ತಾರೆ. ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟಿಕೊಂಡು ಆ ಓಣಿಯಲ್ಲಿ ಹಿಂದಕ್ಕೇ ಹೋಗಿ ಕೊನೆ ಮುಟ್ಟಬೇಕು. ಒಂದು ಮೂಟೆಗೆ ಟ್ರೈಲರ್ ತಾಕಿದರೂ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಕಾರು ಹಿಂದಕ್ಕೆ ಬಿಡುವುದು ಬೇರೆ. ಟ್ರೈಲರ್ ಇದೆಯಲ್ಲ, ಅದು ಕೊಂಡಿಯಲ್ಲಿ ನೇತಾಡುವ ಹಟಮಾರಿ. ನೀವು ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತದೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಸ್ವಲ್ಪ ಜಾಸ್ತಿಯಾಯಿತೋ, ಮಡಚಿಕೊಂಡು ನಿಮ್ಮ ಮುಖಾನೇ ನೋಡುತ್ತದೆ.

ಈ ಪಂದ್ಯದ ಚಾಂಪಿಯನ್ ನಮ್ಮೂರಿನ ಆಂಜಿನಪ್ಪ. ನನ್ನ ಹೆಂಡತಿಯ ಅಣ್ಣ, ನನಗೆ ಭಾವ. ಆತ ಟ್ರ್ಯಾಕ್ಟರ್ ಹಿಂದಕ್ಕೆ ಬಿಡುವುದನ್ನು ನೋಡಬೇಕು ನೀವು. ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಕೈ ಮಡ್ಗಾರ್ಡ್ ಮೇಲೆ, ಕತ್ತು ಪೂರ್ತಿ ಹಿಂದಕ್ಕೆ, ತುಟಿಯಲ್ಲಿ ಆರಿಹೋದ ಬೀಡಿ. ಟ್ರೈಲರ್ ಸಾಕಿದ ಕರುವಿನ ಹಾಗೆ ಓಣಿಯಲ್ಲಿ ನಡೆದುಕೊಂಡು ಹೋಗುತ್ತಿತ್ತು. ಎರಡು ವರ್ಷ ಸತತವಾಗಿ ಗೆದ್ದು ರೋಲಿಂಗ್ ಶೀಲ್ಡ್ ನಮ್ಮೂರಿಗೆ ತಂದಿದ್ದ. ಅದನ್ನು ಇಡಲು ಬೇರೆ ಜಾಗವಿಲ್ಲದೆ ನಮ್ಮ ಡೈರಿಯಲ್ಲಿ, ಹಾಲಿನ ಫ್ಯಾಟ್ ನೋಡುವ ಮೆಷಿನ್ನಿನ ಮೇಲ್ಗಡೆ ಹಲಗೆ ಹೊಡೆದು ಇಟ್ಟೆವು. ದಿನಾ ಬೆಳಿಗ್ಗೆ ದೇವರ ಫೋಟೋ ಒರೆಸುವ ಬಟ್ಟೆಯಲ್ಲೇ ಅದನ್ನೂ ಒರೆಸುತ್ತಿದ್ದೆ. ಹಾಲು ಹಾಕಲು ಬಂದವರು ಕ್ಯಾನು ಕೆಳಗಿಡುವ ಮೊದಲು ಒಂದು ಸಲ ಅದನ್ನು ನೋಡದೆ ಇರುತ್ತಿರಲಿಲ್ಲ. ಫ್ಯಾಟ್ ಕಡಿಮೆ ಬಂದರೂ ಜಗಳ ಆಡದೆ ಹೋದವರುಂಟು. ಮೂರು ವರ್ಷ ಸತತ ಗೆದ್ದ ಊರಿಗೆ ಶೀಲ್ಡ್ ಶಾಶ್ವತ ಎಂಬುದು ನಿಯಮ. ಎರಡಾಗಿತ್ತು, ಮೂರನೆಯದು ಬಾಕಿ ಇತ್ತು. ಸೋತರೆ ಅದು ಸಾದಲಿಗೆ ಹೋಗುವುದು ಖಂಡಿತ, ಏಕೆಂದರೆ ಎರಡು ಸಲವೂ ಕೂದಲೆಳೆಯಲ್ಲಿ ಸೋತವನು ಸಾದಲಿಯ ಶ್ರೀರಾಮುಲು.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಷಾ ಸಾಬರ ಟೀ ಅಂಗಡಿಯಲ್ಲಿ ಕೂತಿದ್ದೆವು. ಪೇಪರನ್ನು ಗಟ್ಟಿಯಾಗಿ ಓದಿ ಹೇಳುವುದು ಅಲ್ಲಿ ನನ್ನ ಕೆಲಸ. ಹೊಸದಾಗಿ ಹತ್ತನೇ ಕ್ಲಾಸ್ ಪಾಸಾದವನಿಗೆ ಅಷ್ಟೂ ಆಸೆ ಇರಬಾರದೇ? ಆಟದ ಪುಟದಲ್ಲಿ ಪರದೇಶದ ಕಾರ್ ರೇಸಿನ ದೊಡ್ಡ ಚಾಂಪಿಯನ್ ಒಬ್ಬ ಇದ್ದಕ್ಕಿದ್ದಂತೆ ನಿವೃತ್ತಿ ಹೇಳಿದ ಸುದ್ದಿ ಇತ್ತು. ಮುಂದೆ ಅವನ ಕಾರಿನ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದು ಕೆಳಗೆ ಮೂರು ಜನರ ಫೋಟೋ ಹಾಕಿದ್ದರು.

"ಅಲ್ಲ ಸೆಕ್ರೆಟ್ರಿ, ಇನ್ನೂ ಗೆಲ್ತಾ ಇರೋನು ಯಾಕ್ ಬಿಟ್ಟ?" ಎಂದರು ಬಾಷಾ ಸಾಬರು.

ನಾನು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿದ್ದ ಭಾವ ಗ್ಲಾಸು ಕೆಳಗಿಟ್ಟು, "ನಾನೂ ಬಿಟ್ಟೆ ಕಣ್ರಪ್ಪ. ಈ ಸಲ ಪಂದ್ಯಕ್ಕೆ ಕೂರಲ್ಲ" ಎಂದ.

ಎಲ್ಲರೂ ನಕ್ಕೆವು. ಆತ ನಗಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಹೋದ.

ಆಮೇಲೆ ನಮ್ಮೂರಿನಲ್ಲಿ ನಡೆದ ಚರ್ಚೆಯ ಮುಂದೆ ಆ ಪೇಪರಿನವರದು ಏನೂ ಅಲ್ಲ. ಕತ್ತು ಹಿಡಿದುಕೊಂಡಿದೆ ಎಂದರು ಕೆಲವರು. ಸಾದಲಿಯವರು ಮಾಟ ಮಾಡಿಸಿದ್ದಾರೆ ಎಂದರು ಇನ್ನು ಕೆಲವರು. ಕಾರಣ ಏನಾದರೂ ಇರಲಿ, ಸೀಟು ಖಾಲಿ ಬಿದ್ದಿತ್ತಲ್ಲ. ಕೆರೆ ಅಂಗಳದಲ್ಲಿ ಮೂಟೆ ಜೋಡಿಸಿ ಪರೀಕ್ಷೆ ಇಟ್ಟೆವು. ಮೊದಲು ಬಂದವರು ಬಾಷಾ ಸಾಬರೇ. ಟೀ ಅಂಗಡಿ ಇಡುವ ಮೊದಲು ಚಿಂತಾಮಣಿ ಮಂಡಿಗೆ ಟೊಮೆಟೊ ಲಾರಿ ಓಡಿಸಿದವರು. "ಲಾರಿನೇ ಸಂದೀಲಿ ಹಿಂದಕ್ಕೆ ಬಿಟ್ಟಿದ್ದೀನಿ, ಇದೇನು ಮಹಾ" ಎಂದು ಹತ್ತಿದರು. ಹತ್ತು ಮಾರು ಹೋಗುವಷ್ಟರಲ್ಲಿ ಟ್ರ್ಯಾಕ್ಟರೂ ಟ್ರೈಲರೂ ಜಗಳಕ್ಕೆ ನಿಂತ ಓರಗಿತ್ತಿಯರ ಹಾಗೆ ಎದುರುಬದುರಾದವು. ಸಾಬರು ಇಳಿದು, "ಯಾ ಅಲ್ಲಾ, ಇದಕ್ಕೆ ಸೊಂಟಾನೇ ಇಲ್ಲ" ಎಂದು ಟೀ ಕಾಯಿಸಲು ಹೋದರು. ಎರಡನೆಯವನು ಪಂಚಾಯಿತಿ ಮೆಂಬರರ ಮಗ ಮಂಜುನಾಥ. ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ. ಅದೇ ಹೊತ್ತಿಗೆ ಕೆರೆ ಏರಿಯ ಮೇಲೆ ಹೆಣ್ಣುಮಕ್ಕಳು ರೇಷ್ಮೆ ಹುಳಕ್ಕೆ ಸೊಪ್ಪು ಹೊತ್ತುಕೊಂಡು ಹೊರಟಿದ್ದರು. ಹಿಂದಕ್ಕೆ ತಿರುಗಬೇಕಾದ ಕತ್ತು ಏರಿಯ ಕಡೆಗೆ ತಿರುಗಿತು. ಟ್ರೈಲರ್ ಹೊಂಡಕ್ಕೆ ಇಳಿಯಿತು. ಅದನ್ನು ಎಳೆದು ಹಾಕಲು ಭಾವನನ್ನೇ ಕರೆಯಬೇಕಾಯಿತು. ಬಂದ, ಎಳೆದ, ಹೋದ.

ಅಂದು ಸಾಯಂಕಾಲ ಶೀಲ್ಡ್ ಒರೆಸುವಾಗ ನನಗೆ ತಡೆಯಲಾಗಲಿಲ್ಲ. ನೆಟ್ಟಗೆ ಭಾವನ ತೋಟಕ್ಕೆ ಹೋದೆ. ಸೊಪ್ಪು ಕೊಯ್ಯುತ್ತಿದ್ದ.

"ಭಾವ, ನಿಜ ಹೇಳು. ಏನಾಯ್ತು?"

ಕೊಯ್ದ ಸೊಪ್ಪನ್ನು ಕಟ್ಟಿ ಬದಿಗಿಟ್ಟ. ಆಮೇಲೆ ಹೇಳಿದ. "ಮಗಳಿಗೆ ಹೆರಿಗೆ ಕಷ್ಟ ಆಗಿತ್ತಲ್ಲ ಕೃಷ್ಣಪ್ಪ, ಚಿಂತಾಮಣೀಲಿ. ತಾಯಿ, ಮಗು ಏನೂ ಹೇಳಕ್ಕಾಗಲ್ಲ ಅಂದ್ರು. ನನ್ನ ಕೈಲಿ ಅಲ್ಲಿ ನಿಂತಿರಕ್ಕಾಗ್ಲಿಲ್ಲ. ಬಸ್ ಹತ್ತಿ ಮುರುಗಮಲ್ಲಕ್ಕೆ ಹೋದೆ. ದರ್ಗಾ ಮುಂದೆ ನಿಂತ್ಕೊಂಡು, ಇಬ್ರನ್ನೂ ಉಳಿಸಪ್ಪ, ನಂಗೆ ಜೀವದಷ್ಟು ಇಷ್ಟವಾದ್ದು ಬಿಡ್ತೀನಿ ಅಂದೆ. ವಾಪಸ್ ಬರೋಷ್ಟರಲ್ಲಿ ಮೊಮ್ಮಗ ಅಳ್ತಾ ಇದ್ದ. ಬೀಡಿ ಬಿಡೋಣ ಅನ್ಕೊಂಡೆ. ಆದ್ರೆ ಬೀಡಿ ನಂಗೆ ಅಷ್ಟಿಷ್ಟ ಇಲ್ಲ ಕಣಪ್ಪ, ಸುಮ್ನೆ ಬಾಯಲ್ಲಿರುತ್ತೆ. ಇಷ್ಟವಾದ್ದು ಅಂದ್ರೆ ಅದೊಂದೇ."

 ನನ್ನ ಕಣ್ಣ ಮುಂದೆ ಮಾತ್ರ ಶೀಲ್ಡ್ ಸಾದಲಿ ಬಸ್ಸು ಹತ್ತುತ್ತಿತ್ತು. "ಇದಕ್ಕೆಲ್ಲ ಒಂದು ಉಪಾಯ ಇರುತ್ತೆ ಭಾವ. ನಾನು ಕಾಶಿಗೆ ಹೋದಾಗ ಹಾಗಲಕಾಯಿ ಬಿಡ್ಲಿಲ್ವಾ?" ಎಂದೆ.

ಇದನ್ನು ಸ್ವಲ್ಪ ವಿವರಿಸಬೇಕು. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟು ಬರುವುದು ಪದ್ಧತಿ. ಟೂರ್ ಬಸ್ಸಿನಲ್ಲಿ ನಾನೂ ಹೋಗಿದ್ದೆ. ಗಂಗೆಯಲ್ಲಿ ಮುಳುಗಿ ಎದ್ದು, ಬಹಳ ಯೋಚಿಸಿ, ಹಾಗಲಕಾಯಿ ಬಿಟ್ಟೆ. ಹುಟ್ಟಿದಾಗಿನಿಂದ ನಾನು ಅದನ್ನು ತಿಂದವನಲ್ಲ. ನಮ್ಮ ಬಸ್ಸಿನಲ್ಲಿದ್ದ ಅರ್ಧಕ್ಕರ್ಧ ಜನ ಹಾಗಲಕಾಯಿಯನ್ನೇ ಬಿಟ್ಟಿದ್ದರು. ಗಂಗಾತಾಯಿಯ ಹತ್ತಿರ ಈಗ ಎಷ್ಟು ಹಾಗಲಕಾಯಿ ಕೂಡಿದೆಯೋ ಯಾರಿಗೆ ಗೊತ್ತು.

ಭಾವ ನನ್ನನ್ನು ನೋಡಿ ನಕ್ಕ. "ಹಾಗಲಕಾಯಿ ಕೊಟ್ಟು ಮೊಮ್ಮಗನ್ನ ಇಸ್ಕೊಳ್ಳೋದಾ? ಥೂ, ಹೋಗಪ್ಪ."

ನಾನು ತಲೆ ತಗ್ಗಿಸಿಕೊಂಡು ಹೊರಟೆ. ಬದು ದಾಟುವಷ್ಟರಲ್ಲಿ ಹಿಂದಿನಿಂದ ಕೂಗಿದ. "ಏಯ್ ಕೃಷ್ಣಪ್ಪ, ಪಂದ್ಯದಲ್ಲಿ ಸ್ಟೇರಿಂಗ್ ಮುಟ್ಟಲ್ಲ ಅಂದಿದ್ದೀನಿ. ಬಾಯಿ ಮುಚ್ಕೊಂಡಿರ್ತೀನಿ ಅಂತ ಅಂದಿಲ್ಲ. ನಾಳೆ ಕೆರೆ ಹತ್ರ ಬಾ. ನೀನು ಕೂತ್ಕೊ, ನಾನು ಹೇಳಿಕೊಡ್ತೀನಿ."

"ನಾನಾ? ನಾನು ಬಲು ನಿಧಾನ ಭಾವ."

"ಅದಕ್ಕೇ. ಊರಲ್ಲಿ ಎಲ್ರೂ ಓದಿ, ಕೆಲ್ಸ ಹಿಡ್ದು, ಮದ್ವೆ ಆಗ್ತಾರೆ. ನೀನು ಮದ್ವೆ ಆಗಿ, ಕೆಲ್ಸ ಹಿಡ್ದು, ಆಮೇಲೆ ಓದ್ದೆ. ರಿವರ್ಸಲ್ಲಿ ನಿನ್ನಷ್ಟು ಅನುಭವ ಯಾರಿಗಪ್ಪ ಇದೆ?"

ನನ್ನ ಬದುಕನ್ನು ಯಾರೂ ಅಷ್ಟು ಚೆನ್ನಾಗಿ ಹೊಗಳಿರಲಿಲ್ಲ.

ಅಲ್ಲಿಂದ ರಾಜ್ಯೋತ್ಸವದವರೆಗೆ ಸಂಜೆ ಹಾಲಿನ ಕೆಲಸ ಮುಗಿದ ಕೂಡಲೇ ಕೆರೆ ಅಂಗಳ. ಭಾವ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಡೆಯುತ್ತಿದ್ದ. ನಾನು ಮೂಟೆಗೆ ಗುದ್ದಿದಾಗಲೆಲ್ಲ ಆತನ ಕೈ ತಾನಾಗಿ ಸ್ಟೇರಿಂಗಿನ ಕಡೆಗೆ ಬಂದು, ಅರ್ಧದಲ್ಲಿ ನಿಂತು, ವಾಪಸು ಕಂಕುಳಿಗೆ ಹೋಗುತ್ತಿತ್ತು. "ಅದನ್ನ ಹೆಂಡ್ತಿ ಅನ್ಕೊ. ನೀನು ಬಲಕ್ಕೆ ಅಂದ್ರೆ ಅವ್ಳು ಎಡಕ್ಕೆ ಅಂತಾಳೆ. ರೇಗಬೇಡ. ಒಂಚೂರು ತಿರುಗಿಸು, ಅವ್ಳೇನ್ ಮಾಡ್ತಾಳೆ ನೋಡು, ಆಮೇಲೆ ಇನ್ನೊಂಚೂರು" ಎಂದು ಪಾಠ ಹೇಳಿದ. ಏರಿಯ ಮೇಲೆ ಹುಲ್ಲು ಹೊತ್ತು ನಿಂತಿದ್ದ ರತ್ನಮ್ಮ ಅಣ್ಣನಿಗೆ, "ಹಂಗಾದ್ರೆ ಇವರಿಗೆ ಮೂಟೆ ಗುದ್ದೋದು ಬಿಟ್ಟು ಬೇರೆ ಏನೂ ಬರಲ್ಲ ಬಿಡಣ್ಣ" ಎಂದು ಕೂಗಿದಳು.

ಪಂದ್ಯದ ದಿನ ಮೈದಾನ ತುಂಬಿತ್ತು. ಮೊದಲು ಶ್ರೀರಾಮುಲು ಹೋದ. ಗಾಳಿಯ ಹಾಗೆ ಹೋದ. ತಿರುವು ದಾಟಿದ, ಕೊನೆಯ ಮೂಟೆಯ ಹತ್ತಿರ ಬಂದಾಗ ಜನರ ಕಡೆ ಕೈ ಬೀಸಿದ. ಟ್ರೈಲರಿನ ಮೂಲೆ ಮೂಟೆಗೆ ಮೆಲ್ಲಗೆ ತಾಕಿತು. ಮತ್ತೆ ಮೊದಲಿನಿಂದ ಶುರು. ಈಗ ಅವಸರ, ತಿರುವಿನಲ್ಲೇ ತಾಕಿತು. ಮೂರನೇ ಸಲಕ್ಕೆ ಮುಗಿಸಿ, ಬೆವರು ಒರೆಸಿಕೊಳ್ಳುತ್ತಾ ನನ್ನ ಪಕ್ಕಕ್ಕೆ ಬಂದು, "ಏಮಪ್ಪಾ ಸೆಕ್ರೆಟ್ರಿ, ಸಂಜೆ ಹಾಲಿಗೆ ಮುಂಚೆ ತಲುಪ್ತೀಯಾ?" ಎಂದ.

ನಾನು ಸೀಟಿನಲ್ಲಿ ಕೂತೆ.  ಹಲಗೆಯ ಮೇಲೆ ಶೀಲ್ಡ್ ಇಲ್ಲದ ಖಾಲಿ ಜಾಗ ಕಣ್ಣಿಗೆ ಕಟ್ಟಿತು. ಬಾಯಿಂದ ತಾನಾಗಿ ಬಂತು: "ಮರ್ಯಾದೆ ಉಳಿಸಪ್ಪ, ನಾನೂ ಇಷ್ಟವಾದದ್ದು ಒಂದನ್ನು ಬಿಡುತ್ತೇನೆ." ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ. ಟ್ರ್ಯಾಕ್ಟರ್ ಪಕ್ಕದಲ್ಲೇ ರತ್ನಮ್ಮ ನಿಂತಿದ್ದದ್ದು ನೋಡಿರಲಿಲ್ಲ.

ಹೊರಟೆ. ಕತ್ತು ಹಿಂದಕ್ಕೆ ತಿರುಗಿಸಿದರೆ ಓಣಿಯ ಆ ತುದಿಯಲ್ಲಿ ಭಾವ ನಿಂತಿದ್ದ, ಹೆಗಲ ಮೇಲೆ ಮೊಮ್ಮಗ. ನನಗೆ ಬೇರೆ ಏನೂ ಕಾಣಲಿಲ್ಲ. ಒಂಚೂರು ತಿರುಗಿಸಿದೆ, ನೋಡಿದೆ. ಇನ್ನೊಂಚೂರು ತಿರುಗಿಸಿದೆ. ಜನ ಮೊದಲು ಕೂಗಿದರು, ಆಮೇಲೆ ಸುಮ್ಮನಾದರು, ಆಮೇಲೆ ಕಡಲೆಕಾಯಿ ತಿನ್ನಲು ಶುರು ಮಾಡಿದರು. ಮೈಕಿನವನು ಮಾತು ಮುಗಿದು ನಾಡಗೀತೆ ಹಾಕಿಬಿಡಲಾ ಎಂದು ಯಾರನ್ನೋ ಕೇಳಿದ್ದು ಮೈಕಿನಲ್ಲೇ ಕೇಳಿಸಿತು. ತಿರುವಿನಲ್ಲಿ ಟ್ರೈಲರಿನ ಚಕ್ರಕ್ಕೂ ಮೂಟೆಗೂ ನಡುವೆ ಅಂಗೈ ತೂರುವಷ್ಟೇ ಜಾಗ ಉಳಿಯಿತು. ದೂರದಲ್ಲಿ ಭಾವನ ಕೈ ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸುತ್ತಿತ್ತು. ಆ ಕೈ ನೋಡಿಕೊಂಡೇ ನಾನೂ ತಿರುಗಿಸಿದೆ. ದಾಟಿತು. ಒಂದು ಮೂಟೆಯೂ ಅಲುಗದೆ ಕೊನೆ ಮುಟ್ಟಿದೆ. ಶ್ರೀರಾಮುಲುವಿನ ಮೂರು ಸಲದ ಓಟಕ್ಕಿಂತ ನನ್ನ ಒಂದು ಸಲದ ನಡಿಗೆ ಸ್ವಲ್ಪ ಬೇಗ ಮುಗಿದಿತ್ತು.

ಅಷ್ಟು ಹೆಮ್ಮೆ ನನಗೆ ಹತ್ತನೇ ಕ್ಲಾಸ್ ಪಾಸಾದಾಗಲೂ ಆಗಿರಲಿಲ್ಲ. ಶೀಲ್ಡ್ ಕೊಟ್ಟಾಗ ಭಾವನನ್ನು ಎಳೆದುಕೊಂಡು ಬಂದು ಅವನ ಕೈಗೇ ಇಟ್ಟೆ. ಆತ ಅದನ್ನು ನೋಡಲೂ ಇಲ್ಲ. ಮೊಮ್ಮಗನಿಗೆ, "ನೋಡೋ, ನಿಮ್ಮ ಕೃಷ್ಣಪ್ಪ ತಾತ ಗೆದ್ದವ್ನೆ" ಎಂದ. ಶ್ರೀರಾಮುಲು ಬಂದು ಅಪ್ಪಿಕೊಂಡು, "ನೀದಿ ದಯ್ಯಂ ಲಾಂಟಿ ಓಪಿಕ ಕಣಯ್ಯ" ಎಂದ. ದೆವ್ವದಂಥ ತಾಳ್ಮೆ ಅಂತ ತೆಲುಗಿನಲ್ಲಿ. ಅದೂ ಹೊಗಳಿಕೆಯೇ.

ಆಮೇಲೆ ಶುರುವಾಯಿತು ನನ್ನ ಬಾಯಿ. ಹಾಲು ಹಾಕಲು ಬಂದವರಿಗೆ ಹೇಳಿದೆ. ಹಿಂಡಿ ತಂದ ಲಾರಿಯವರಿಗೆ ಹೇಳಿದೆ. ಚಿಕ್ಕಬಳ್ಳಾಪುರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತರಿಗೂ ಹೇಳಿದೆ. ಒಬ್ಬರು ಅವರ ಸ್ಟಾಪಿಗೆ ಮುಂಚೆಯೇ ಇಳಿದುಬಿಟ್ಟರು. ಮನೆಯಲ್ಲಿ ಮುದ್ದೆ ತಟ್ಟೆಗೆ ಬೀಳುವ ಮೊದಲು ತಿರುವು ಬರುತ್ತಿತ್ತು, ಸಾರು ಬರುವಾಗ ಕೊನೆಯ ಮೂಟೆ ಬರುತ್ತಿತ್ತು. ಒಂದು ದಿನ ರತ್ನಮ್ಮ ಸೌಟು ಕೆಳಗಿಟ್ಟಳು.

"ಅವತ್ತು ಸೀಟ್ ಮೇಲೆ ಕೂತು ಏನೋ ಹೇಳಿದ್ರಲ್ಲ? ಇಷ್ಟವಾದ್ದು ಒಂದನ್ನ ಬಿಡ್ತೀನಿ ಅಂತ?"

ನಾನು ಗಾಬರಿಯಿಂದ, "ಹೌದು... ಪಡವಲಕಾಯಿ ಬಿಡೋಣ ಅಂತ..." ಎಂದೆ.

"ತರಕಾರಿ ಲೆಕ್ಕಕ್ಕಿಲ್ಲ. ನಮ್ಮಣ್ಣ ಬಿಟ್ಟ ಥರ ಬಿಡಿ. ನಿಮಗೆ ಈಗ ಜೀವದಷ್ಟು ಇಷ್ಟವಾದ್ದು ಏನು ಅಂತ ಊರಿಗೆಲ್ಲ ಗೊತ್ತು. ಆ ಪಂದ್ಯದ ಕತೆ ಹೇಳೋದು ಬಿಡಿ."

ಭಾವನ ತಂಗಿಯಲ್ಲವೇ? ನಾನು ಎದುರಾಡಲಿಲ್ಲ. ಅವತ್ತಿನಿಂದ ಆ ಕತೆಯನ್ನು ಬಾಯಿಂದ ಒಂದು ಸಲವೂ ಹೇಳಿಲ್ಲ. ಡೈರಿಯಲ್ಲಿ ಯಾರಾದರೂ ಶೀಲ್ಡ್ ನೋಡಿ "ಹೆಂಗ್ ಗೆದ್ರಿ ಸೆಕ್ರೆಟ್ರಿ?" ಎಂದು ಕೇಳಿದರೆ ತುಟಿ ಕಚ್ಚಿಕೊಂಡು ಫ್ಯಾಟ್ ಎಷ್ಟು ಅಂತ ಹೇಳಿ ಕಳಿಸುತ್ತೇನೆ. ಎಷ್ಟು ಕಷ್ಟ ಅನ್ನುವುದು ಬಿಟ್ಟವರಿಗೇ ಗೊತ್ತು. ಭಾವ ಕೆರೆ ಹತ್ತಿರ ಕೈಯನ್ನು ಯಾಕೆ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ ಎಂದು ನನಗೆ ಈಗ ಅರ್ಥವಾಗಿದೆ.

ನಿಮ್ಮಲ್ಲೂ ಹೀಗೆ ಇಷ್ಟವಾದದ್ದನ್ನು ಬಿಟ್ಟವರು ಇದ್ದರೆ, ಅಥವಾ ನನ್ನ ಹಾಗೆ ಹಾಗಲಕಾಯಿ ಬಿಟ್ಟವರಿದ್ದರೂ ಸರಿ, ಬರೆದು ತಿಳಿಸಿ. ಓದಲು ನನಗೆ ಹೊತ್ತಾಗುತ್ತದೆ, ಆದರೆ ಪೂರ್ತಿ ಓದುತ್ತೇನೆ. ರತ್ನಮ್ಮ ಮತ್ತೆ ಬಾಗಿಲಲ್ಲಿ ನಿಂತಿದ್ದಾಳೆ, "ಅಷ್ಟುದ್ದ ಏನ್ ಹೊಡೀತಾ ಇದ್ದೀರಾ?" ಎಂದು ಕೇಳುತ್ತಿದ್ದಾಳೆ. ಕೇಳಲಿ. ಬಾಯಲ್ಲಿ ಹೇಳಲ್ಲ ಅಂದಿದ್ದೇನೆಯೇ ಹೊರತು, ಬೆರಳಲ್ಲಿ ಹೇಳಲ್ಲ ಅಂತ ಅಂದಿಲ್ಲ.